ಕಂಪನಿ ಹೇಳಿದ್ದನ್ನ ಎಷ್ಟು ನಂಬಬೇಕು? ದಾವಣಗೆರೆ ಕಡೆಯ ಷೇರುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚನ್ನಗಿರಿ, ಆ ಕಡೆ ಚಿತ್ರದುರ್ಗ ಹಿರಿಯೂರು ತನಕ ಈಗ ಡಿಮ್ಯಾಟ್ ಅಕೌಂಟ್ ಇರೋರು ಸಿಕ್ಕಾಪಟ್ಟೆ ಆಗಿದಾರೆ. ಅಡಿಕೆ ದುಡ್ಡು ಬಂದ ತಿಂಗಳು ಒಂದಿಷ್ಟು ಷೇರಿಗೆ ಹಾಕೋರು, ಟೀಚರ್‌ಗಳು, ಮೆಡಿಕಲ್ ಶಾಪ್‌ನೋರು, ಎಲ್ರೂ ಇದಾರೆ. ಇವತ್ತಿನ ರೇಟ್ ಎಷ್ಟು ಅಂತ ಕೇಳಿದ್ರೆ ಎಲ್ರೂ ಥಟ್ ಅಂತ ಹೇಳ್ತಾರೆ, ಆದ್ರೆ ಆ ಕಂಪನಿ ಹೋದ ಮೂರು ತಿಂಗಳಲ್ಲಿ ನಿಮಗೆ ಏನು ಹೇಳ್ತು ಅಂತ ಕೇಳಿದ್ರೆ ಉತ್ತರ ಬರಲ್ಲ. ಕಂಪನಿ ನಿಮಗೆ ಹೇಳಲೇಬೇಕಾದ್ದು ಬೇಕಾದಷ್ಟು ಐತೆ, ಅದೂ ಫ್ರೀಯಾಗಿ, ಅದನ್ನ ಓದೋ ಹಕ್ಕು ಮುಂಬೈ ಫಂಡ್ ಮ್ಯಾನೇಜರ್‌ಗೆ ಎಷ್ಟೋ ನಿಮಗೂ ಅಷ್ಟೇ. ನನ್ನ ಹತ್ರ ಜನ ಕೇಳೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ.

ಇನ್ವೆಸ್ಟರ್ ರಿಲೇಶನ್ಸ್ ಅಂತ ಕಂಪನಿ ವೆಬ್‌ಸೈಟಲ್ಲಿ ಇರತ್ತಲ್ಲ, ಅದೇನ್ರೀ? ಜಾಹೀರಾತು ತರಾನಾ?

ಅಲ್ಲ. ಜಾಹೀರಾತು ಇರೋದು ಮಾಲು ಮಾರೋಕೆ. ಇದು ಕಂಪನಿಯ ಮಾಲೀಕರಿಗೆ, ಅಂದ್ರೆ ಷೇರು ಇಟ್ಕೊಂಡಿರೋ ನಿಮಗೆ, ಲೆಕ್ಕ ಒಪ್ಪಿಸೋ ಜಾಗ. ರಿಸಲ್ಟ್ (ಲಾಭ-ನಷ್ಟದ ಲೆಕ್ಕ), ವಾರ್ಷಿಕ ವರದಿ, ಯಾರ ಹತ್ರ ಎಷ್ಟು ಷೇರು ಐತೆ ಅನ್ನೋ ಪಟ್ಟಿ, ದೂರು ಕೊಡೋಕೆ ಇಮೇಲ್, ಇವೆಲ್ಲ ವೆಬ್‌ಸೈಟಲ್ಲಿ ಇರ್ಲೇಬೇಕು ಅಂತ ಷೇರು ಮಾರ್ಕೆಟ್ ನಿಯಂತ್ರಿಸೋ ಸಂಸ್ಥೆ ಸೆಬಿಯ 2015ರ ಲಿಸ್ಟಿಂಗ್ ನಿಯಮ ಹೇಳತ್ತೆ. ದೊಡ್ಡ ಕಂಪನೀಲಿ ಇದಕ್ಕೇ ಬೇರೆ ಟೀಮ್ ಇರತ್ತೆ, ಸಣ್ಣದ್ರಲ್ಲಿ ಕಂಪನಿ ಸೆಕ್ರೆಟರಿ (ಕಾನೂನು ಕಾಗದ ನೋಡೋರು) ಮತ್ತೆ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಇಬ್ರೇ ನೋಡ್ಕೋತಾರೆ. ಆ ಪುಟ ತೆರೆದಾಗ ಎರಡು ವರ್ಷದ ಹಿಂದಿನ ಫೈಲೇ ಕೊನೇದು ಅಂತ ಇದ್ರೆ ಅಲ್ಲೇ ಅರ್ಧ ಉತ್ತರ ಸಿಕ್ಕಂಗೆ.

ಸುದ್ದಿ ನಮ್ಮೂರಿಗೆ ಬರೋ ಹೊತ್ತಿಗೆ ಮುಂಬೈನೋರಿಗೆ ಎಲ್ಲ ಗೊತ್ತಾಗಿರತ್ತೆ, ನಾವು ಏನ್ ಓದಿ ಏನ್ ಪ್ರಯೋಜನ?

ಈ ಮಾತು ನಾನು ಅತಿ ಹೆಚ್ಚು ಕೇಳಿರೋದು, ಮತ್ತೆ ಅರ್ಧ ಮಾತ್ರ ನಿಜ. ಮೊದ್ಲು ಕಂಪನಿಯೋರು ಬೇಕಾದ ಬ್ರೋಕರ್‌ಗೆ ಫೋನ್ ಮಾಡಿ ಹೇಳಿ, ಆಮೇಲೆ ಪೇಪರ್‌ಗೆ ಕೊಡೋ ಕಾಲ ಇತ್ತು. ಈಗ ನಿಯಮ ಏನು ಅಂದ್ರೆ ಷೇರು ರೇಟಿನ ಮೇಲೆ ಪರಿಣಾಮ ಬೀರೋ ವಿಷಯ ಏನೇ ಇರ್ಲಿ ಮೊದ್ಲು ಎಕ್ಸ್‌ಚೇಂಜ್‌ಗೆ, ಅಂದ್ರೆ ಷೇರು ವ್ಯಾಪಾರ ನಡೆಯೋ ಬಿಎಸ್‌ಇ, ಎನ್‌ಎಸ್‌ಇಗೆ ಹೋಗಬೇಕು, ಅಲ್ಲಿ ಎಲ್ರಿಗೂ ಒಟ್ಟಿಗೇ ಕಾಣತ್ತೆ. ಬೋರ್ಡ್ ಮೀಟಿಂಗಲ್ಲಿ ಡಿವಿಡೆಂಡ್ (ಷೇರುದಾರರಿಗೆ ಕೊಡೋ ಲಾಭದ ಪಾಲು), ರಿಸಲ್ಟ್, ಬೋನಸ್ ಷೇರು ಇಂಥದ್ದು ತೀರ್ಮಾನ ಆದ್ರೆ ಮೀಟಿಂಗ್ ಮುಗಿದು 30 ನಿಮಿಷದೊಳಗೆ ಹಾಕಬೇಕು, ಮಾರ್ಕೆಟ್ ಕ್ಲೋಸ್ ಆದ್ಮೇಲೆ ಮೀಟಿಂಗ್ ಮುಗಿದಿದ್ರೆ 3 ಗಂಟೆ ಟೈಮ್ ಕೊಟ್ಟಿದಾರೆ. ಕಂಪನಿ ಒಳಗೇ ಆದ ಬೇರೆ ಘಟನೆ ಆದ್ರೆ 12 ಗಂಟೆ, ಹೊರಗಿಂದ ಬಂದಿದ್ದು ಆದ್ರೆ, ಉದಾಹರಣೆಗೆ ಸರ್ಕಾರದ ಆದೇಶ, 24 ಗಂಟೆ.

ಎಲ್ಲಿ ನೋಡೋದು? ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿಗೆ ಹೋಗಿ ಕಂಪನಿ ಹೆಸರು ಹಾಕಿ ಅನೌನ್ಸ್‌ಮೆಂಟ್ಸ್ ಅಂತ ಇರೋದನ್ನ ಒತ್ತಿ, ಅಷ್ಟೇ. ಟಿವೀಲಿ ಬರೋ ಬ್ರೇಕಿಂಗ್ ನ್ಯೂಸ್ ಬಹಳಷ್ಟು ಸಲ ಇದೇ ಪಿಡಿಎಫ್ ನೋಡಿ ಓದ್ತಿರೋದು. ದೊಡ್ಡ ಫಂಡ್‌ನೋರಿಗೆ ನಿಮಗಿಂತ ಜಾಸ್ತಿ ಜನ, ಜಾಸ್ತಿ ಸಾಫ್ಟ್‌ವೇರ್ ಇರತ್ತೆ ಅನ್ನೋದು ನಿಜ, ಆದ್ರೆ ಅವ್ರು ಓದೋ ಕಾಗದ ಮತ್ತೆ ನೀವು ಓದೋ ಕಾಗದ ಒಂದೇ. ಹತ್ತು ನಿಮಿಷದಲ್ಲಿ ಟ್ರೇಡ್ ಮಾಡೋನಿಗೆ ಆ ಸ್ಪೀಡ್ ಬೇಕು, ಹತ್ತು ವರ್ಷ ಇಟ್ಕೊಳ್ಳೋನಿಗೆ ಬೇಕಾಗಿಲ್ಲ.

ಪೇಪರ್‌ನಲ್ಲಿ ಏನೋ ಗಾಳಿಸುದ್ದಿ ಬರತ್ತೆ, ರೇಟ್ ಏರತ್ತೆ, ಕಂಪನಿ ಸುಮ್ನಿರತ್ತೆ. ಕೇಳೋರು ಯಾರೂ ಇಲ್ವಾ?

ಇದಾರೆ. ಮೊದ್ಲ 100 ದೊಡ್ಡ ಕಂಪನಿಗಳಿಗೆ 2024ರ ಜೂನ್ 1ರಿಂದ, ಮೊದ್ಲ 250ಕ್ಕೆ ಅದೇ ವರ್ಷ ಡಿಸೆಂಬರ್ 1ರಿಂದ ಒಂದು ನಿಯಮ ಬಂದೈತೆ. ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ರೇಟ್ ಗಣನೀಯವಾಗಿ ಅಲುಗಾಡಿದ್ರೆ 24 ಗಂಟೆ ಒಳಗೆ ಹೌದು ಅಂತಾನೋ ಇಲ್ಲ ಅಂತಾನೋ ಕಂಪನಿ ಹೇಳ್ಬೇಕು. ಸಣ್ಣ ಕಂಪನಿಗೆ ಈ ಕಡ್ಡಾಯ ಇಲ್ಲ, ಎಕ್ಸ್‌ಚೇಂಜ್ ಕೇಳಿದ್ರೆ ಮಾತ್ರ ಉತ್ತರ ಕೊಡಬೇಕು. ಅದಕ್ಕೇ ಸಣ್ಣ ಷೇರಿನ ಗಾಳಿಸುದ್ದಿ ಜಾಸ್ತಿ ಅಪಾಯ.

ರಿಸಲ್ಟ್ ಯಾವಾಗ ಬರತ್ತೆ?

ಕ್ವಾರ್ಟರ್, ಅಂದ್ರೆ ಮೂರು ತಿಂಗಳ ಅವಧಿ, ಮುಗಿದು 45 ದಿನದೊಳಗೆ, ವರ್ಷದ್ದು 60 ದಿನದೊಳಗೆ. ಷೇರುದಾರರ ಪಟ್ಟಿ 21 ದಿನದೊಳಗೆ. ಯಾವಾಗ್ಲೂ ಕೊನೇ ದಿನ ರಾತ್ರಿ ಹಾಕೋ ಕಂಪನಿ ಮೇಲೆ ಸ್ವಲ್ಪ ಕಣ್ಣಿಡಿ, ಮೊದ್ಲು 20ನೇ ದಿನಕ್ಕೆ ಹಾಕ್ತಿದ್ದೋರು ಇದ್ದಕ್ಕಿದ್ದಂಗೆ 45ನೇ ದಿನಕ್ಕೆ ಹೋದ್ರೆ ಯಾಕೆ ಅಂತ ಕೇಳ್ರಿ.

ಇನ್ನೊಂದು ಮಾತು ನಮ್ಮ ಭಾಗದೋರಿಗೆ. ಸಕ್ಕರೆ ಕಂಪನಿ ಷೇರು ಇಲ್ಲಿ ತುಂಬ ಜನ ಇಟ್ಕೊಂಡಿದಾರೆ, ಕಬ್ಬು ಅರೆಯೋದು ಅಕ್ಟೋಬರ್-ನವೆಂಬರ್‌ಗೆ ಶುರು ಆಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಮುಗಿಯತ್ತೆ ಅಂತ ನಿಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಹಂಗಾಗಿ ಜುಲೈ-ಸೆಪ್ಟೆಂಬರ್ ಲೆಕ್ಕವನ್ನ ಜನವರಿ-ಮಾರ್ಚ್ ಜೊತೆ ಹೋಲಿಸಿ ಗಾಬರಿ ಆಗೋದು, ಖುಷಿ ಪಡೋದು ಎರಡೂ ತಪ್ಪು. ಹೋದ ವರ್ಷದ ಅದೇ ಕ್ವಾರ್ಟರ್ ಜೊತೆ ನೋಡ್ರಿ.

ಕಾನ್‌ಕಾಲ್ ಅಂತಾರಲ್ಲ, ಅದಕ್ಕೆ ನಮ್ಮಂಥೋರೂ ಸೇರಬಹುದಾ?

ಸೇರಬಹುದು, ಮತ್ತೆ ಸೇರಬೇಕು ಅಂತ ನನ್ನ ಆಸೆ. ರಿಸಲ್ಟ್ ಬಂದ್ಮೇಲೆ ಕಂಪನಿಯ ಎಂಡಿ, ಸಿಎಫ್‌ಒ ಫೋನಲ್ಲಿ ಕೂತು ಅನಲಿಸ್ಟ್‌ಗಳ (ಬ್ರೋಕರ್, ಫಂಡ್ ಪರವಾಗಿ ಕಂಪನಿ ಅಧ್ಯಯನ ಮಾಡೋರ) ಪ್ರಶ್ನೆಗೆ ಉತ್ತರ ಕೊಡ್ತಾರೆ, ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ. ಡಯಲ್ ಮಾಡೋ ನಂಬರ್, ಟೈಮ್ ಎಲ್ಲ ಮುಂಚೇನೇ ಎಕ್ಸ್‌ಚೇಂಜಲ್ಲಿ ಹಾಕಿರ್ತಾರೆ, ರಿಜಿಸ್ಟರ್ ಲಿಂಕ್ ಇರತ್ತೆ, ಪ್ರಶ್ನೆ ಕೇಳಬೇಕು ಅಂದ್ರೆ ಸ್ಟಾರ್ ಒತ್ತಿ ಒಂದು ಒತ್ತಬೇಕು. ಬಹಳಷ್ಟು ಕಂಪನಿ ವೈಯಕ್ತಿಕ ಹೂಡಿಕೆದಾರರಿಗೂ ಚಾನ್ಸ್ ಕೊಡ್ತಾರೆ, ಕೆಲವರು ಫಂಡ್‌ನೋರಿಗೇ ಮೊದ್ಲ ಸಾಲು, ಆಗ ಕಾಯಬೇಕಾಗತ್ತೆ.

ಲೈವ್ ಕೇಳೋಕೆ ಆಗಲಿಲ್ಲ ಅಂದ್ರೂ ಚಿಂತೆ ಇಲ್ಲ. ಕಾಲ್ ನಡೆಸಿದ ಮೇಲೆ ಅದರ ರೆಕಾರ್ಡಿಂಗ್‌ನ 24 ಗಂಟೆ ಒಳಗೆ ಅಥವಾ ಮುಂದಿನ ಟ್ರೇಡಿಂಗ್ ದಿನ ಶುರು ಆಗೋಕೆ ಮುಂಚೆ, ಯಾವುದು ಮೊದ್ಲೋ ಆಗ ಹಾಕ್ಬೇಕು, ಪೂರ್ತಿ ಬರಹ ರೂಪ, ಅಂದ್ರೆ ಟ್ರಾನ್ಸ್‌ಕ್ರಿಪ್ಟ್, ಐದು ಕೆಲಸದ ದಿನದೊಳಗೆ. 2022ರ ಏಪ್ರಿಲ್‌ನಿಂದ ಇದು ಕಡ್ಡಾಯ. ಆದ್ರೆ ಒಂದು ಸೂಕ್ಷ್ಮ ಐತೆ, ಕಾಲ್ ಮಾಡಲೇಬೇಕು ಅಂತ ಎಲ್ಲೂ ಇಲ್ಲ, ಮಾಡಿದ್ರೆ ಹಾಕ್ಬೇಕು ಅಂತ ಐತೆ. ಕಷ್ಟದ ಕ್ವಾರ್ಟರ್ ಬಂದ ಕೂಡ್ಲೆ ಕಾಲ್ ನಿಲ್ಲಿಸೋ ಕಂಪನಿಗಳು ಇದಾವೆ, ಅವನ್ನ ನಾನು ಒಂದು ಪಕ್ಕಕ್ಕೆ ಇಡ್ತೀನಿ. ಚೆನ್ನಾಗಿದ್ದಾಗ ಮೈಕ್ ಮುಂದೆ ಬಂದು ಸರಿ ಇಲ್ಲದಾಗ ಬಾಗಿಲು ಹಾಕ್ಕೊಳ್ಳೋರ ಜೊತೆ ಹತ್ತು ವರ್ಷದ ವ್ಯವಹಾರ ಹೆಂಗ್ ಮಾಡೋದು?

ಇಂಗ್ಲಿಷ್ ಅಷ್ಟಾಗಿ ಬರಲ್ಲ, ಮೂವತ್ತು ಪುಟದ ಟ್ರಾನ್ಸ್‌ಕ್ರಿಪ್ಟ್ ಓದೋದು ಹೆಂಗೆ?

ಶುರುವಿನ ಭಾಷಣ ಬಿಟ್ಬಿಡಿ, ಅದು ಮುಂಚೇನೇ ಬರೆದಿಟ್ಟಿದ್ದು. ಪ್ರಶ್ನೋತ್ತರದಿಂದ ಶುರು ಮಾಡ್ರಿ. ಒಂದು ಪ್ರಶ್ನೆ ಓದಿ, ಉತ್ತರ ಓದಿ, ಕೇಳಿದ್ದಕ್ಕೆ ಉತ್ತರ ಬಂತಾ ಇಲ್ವಾ ಅಂತ ಇಷ್ಟೇ ನೋಡ್ರಿ. ಸಾಲ ಎಷ್ಟು ಅಂತ ಕೇಳಿದ್ರೆ ಒಂದು ನಂಬರ್ ಬರ್ಬೇಕು, ಅದ್ರ ಬದ್ಲು ದೇಶದ ಆರ್ಥಿಕತೆ ಬಗ್ಗೆ ಅರ್ಧ ಪುಟ ಬಂದ್ರೆ ಅಲ್ಲೊಂದು ಗೆರೆ ಹಾಕ್ರಿ. ಕನ್ನಡಕ್ಕೆ ಅನುವಾದ ಮಾಡೋ ಟೂಲ್‌ಗಳು ಮೊಬೈಲಲ್ಲೇ ಇದಾವೆ, ಭಾವ ತಿಳಿಯೋಕೆ ಸಾಕು, ಅಂಕಿಗಳನ್ನ ಮಾತ್ರ ಮೂಲದಲ್ಲೇ ನೋಡ್ಕೊಳ್ಳಿ. ಮನೇಲಿ ಬಿಕಾಂ ಓದ್ತಿರೋ ಮಕ್ಕಳಿದ್ರೆ ಅವ್ರ ಕೈಗೆ ಕೊಡ್ರಿ, ಅವ್ರಿಗೂ ಕಾಲೇಜಲ್ಲಿ ಸಿಗದ ಪಾಠ ಆಗತ್ತೆ.

ಗೈಡೆನ್ಸ್ ಅಂದ್ರೆ ಕಂಪನಿ ಕೊಡೋ ಗ್ಯಾರಂಟಿನಾ?

ಅಲ್ಲವೇ ಅಲ್ಲ, ಮುಂದೆ ವ್ಯವಹಾರ ಹೆಂಗಿರಬಹುದು ಅಂತ ಕಂಪನಿಯೇ ಹೇಳೋ ಅಂದಾಜು. ಇನ್ಫೋಸಿಸ್ ವರ್ಷಕ್ಕೆ ಆದಾಯ ಎಷ್ಟು ಬೆಳೀಬಹುದು, ಮಾರ್ಜಿನ್ (ಆದಾಯದಲ್ಲಿ ಲಾಭದ ಪಾಲು) ಎಷ್ಟಿರಬಹುದು ಅಂತ ಒಂದು ರೇಂಜ್ ಹೇಳತ್ತೆ. ಟಿಸಿಎಸ್ ಅಂಥ ಅಂಕಿ ಕೊಡಲ್ಲ. ಎರಡೂ ದೊಡ್ಡ ಕಂಪನಿ, ಎರಡಕ್ಕೂ ಮಾರ್ಕೆಟಲ್ಲಿ ಗೌರವ ಐತೆ, ಹಂಗಾಗಿ ಗೈಡೆನ್ಸ್ ಕೊಟ್ರೆ ಒಳ್ಳೆಯವರು ಕೊಡದಿದ್ರೆ ಕೆಟ್ಟವರು ಅನ್ನಂಗಿಲ್ಲ. ಕೊಟ್ಟಮೇಲೆ ಅದನ್ನ ಹೆಂಗೆ ನಡೆಸ್ಕೋತಾರೆ ಅನ್ನೋದೇ ಮುಖ್ಯ, ಕಮ್ಮಿ ಮಾಡಬೇಕಾಗಿ ಬಂದ್ರೆ ಕಾರಣ ಸಮೇತ ಬೇಗ ಹೇಳ್ತಾರಾ ಅಥವಾ ವರ್ಷದ ಕೊನೆ ತನಕ ತಳ್ಳಿ ತಳ್ಳಿ ಆಮೇಲೆ ಸುಮ್ನೆ ಆ ಮಾತೇ ಬಿಡ್ತಾರಾ ಅಂತ.

ಹಂಗಾದ್ರೆ ಒಂದು ಕಂಪನಿ ನಂಬಿಕಸ್ಥ ಅಂತ ಗೊತ್ತಾಗೋದು ಹೆಂಗೆ? ಒಂದೇ ಮಾತಲ್ಲಿ ಹೇಳ್ರಿ.

ಹಳೇ ಮಾತು ಮತ್ತೆ ಹೊಸ ಲೆಕ್ಕ ಪಕ್ಕಪಕ್ಕ ಇಡ್ರಿ. ನನಗೆ ಗೊತ್ತಿರೋ ದಾರಿ ಇದೊಂದೇ, ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮ್ಮ ಎಪಿಎಂಸೀಲಿ ಮೆಕ್ಕೆಜೋಳ ಕೊಳ್ಳೋನು ಚೀಲದ ಬಾಯಲ್ಲಿರೋ ಮುಷ್ಟಿ ಕಾಳು ನೋಡಿ ರೇಟ್ ಕಟ್ಟಲ್ಲ, ಚೀಲದ ನಡುವಿಂದ ತೆಗೆದು ನೋಡ್ತಾನೆ, ತೇವ ಎಷ್ಟೈತೆ ಅಂತ ನೋಡ್ತಾನೆ. ಈ ಕ್ವಾರ್ಟರ್ ಪ್ರೆಸೆಂಟೇಶನ್ ಅನ್ನೋದು ಚೀಲದ ಬಾಯಿ. ನಡುವಿನ ಕಾಳು ಇರೋದು ಹಳೇ ದಾಖಲೆಗಳಲ್ಲಿ.

ಒಂದು ನೋಟ್‌ಬುಕ್ ತಗೊಳ್ಳಿ, ಒಂದು ಕಂಪನಿಗೆ ನಾಲ್ಕು ಹಾಳೆ ಸಾಕು. ಮೂರು ವರ್ಷದ ಹಿಂದಿನ ಟ್ರಾನ್ಸ್‌ಕ್ರಿಪ್ಟ್ ತೆಗೆದು, ಹೊಸ ಪ್ಲಾಂಟ್ ಯಾವಾಗ ಶುರು ಅಂದಿದ್ರು, ಸಾಲ ಎಷ್ಟಕ್ಕೆ ಇಳಿಸ್ತೀವಿ ಅಂದಿದ್ರು, ಎಷ್ಟು ಹೊಸ ಶಾಖೆ ಅಂದಿದ್ರು, ದಿನಾಂಕ ಹಾಕಿ ಬರ್ಕೊಳ್ಳಿ. ಪಕ್ಕದ ಕಾಲಮ್‌ನಲ್ಲಿ ಆಮೇಲೆ ನಿಜವಾಗಿ ಏನಾಯ್ತು. ನೂರಕ್ಕೆ ನೂರು ಯಾರದ್ದೂ ಹೊಂದಲ್ಲ, ಹೊಂದಲೂ ಬಾರದು, ವ್ಯಾಪಾರ ಅಂದ್ಮೇಲೆ ಮಳೆ ಬರತ್ತೆ, ರೇಟ್ ಬೀಳತ್ತೆ, ಲೈಸೆನ್ಸ್ ತಡ ಆಗತ್ತೆ. ಆದ್ರೆ ತಡ ಆಗಿದ್ದನ್ನ ಅವ್ರೇ ಬಾಯಿಬಿಟ್ಟು ಹೇಳಿದ್ರಾ, ಇಲ್ಲ ಅನಲಿಸ್ಟ್ ಕೇಳಿದ ಮೇಲೆ ಹೇಳಿದ್ರಾ, ಇಲ್ಲ ಕೇಳಿದ್ರೂ ಹೇಳಲಿಲ್ವಾ, ಈ ಮೂರರಲ್ಲಿ ಯಾವುದು ಅಂತ ಬರೆದಿಡ್ರಿ.

ಇನ್ನೊಂದು, ಅಳತೆ ಬದಲಾಯಿಸ್ತಾರಾ ಅಂತ ನೋಡ್ರಿ. ಹೋದ ವರ್ಷ ಪ್ರತಿ ಟನ್‌ಗೆ ಲಾಭ ಅಂತ ತೋರಿಸ್ತಿದ್ದೋರು ಈ ವರ್ಷ ಅದು ಕಮ್ಮಿ ಆದ ಕೂಡ್ಲೆ ಆ ಸ್ಲೈಡ್ ತೆಗೆದು ಒಟ್ಟು ಟನ್ ಎಷ್ಟು ಮಾರಿದ್ವಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ರೆ ಅದು ಸುಳ್ಳಲ್ಲ, ಆದ್ರೆ ನಿಮ್ಮ ಕಣ್ಣು ಬೇರೆ ಕಡೆ ತಿರುಗಿಸೋ ಕೆಲಸ. ಒಳ್ಳೆ ಕಂಪನಿ ಒಳ್ಳೇದಿರ್ಲಿ ಕೆಟ್ಟದ್ದಿರ್ಲಿ ಅದೇ ಜಾಗದಲ್ಲಿ ಅದೇ ಅಳತೆ ಹಾಕತ್ತೆ. ಓದೋಕೆ ಬೋರ್ ಅನ್ಸತ್ತೆ, ನನಗೆ ಅಂಥ ಬೋರೇ ಇಷ್ಟ.

ಕೆಟ್ಟ ಸುದ್ದಿ ಹೇಳಿದ್ರೆ ಷೇರು ಬೀಳತ್ತೆ, ನಷ್ಟ ನಮಗೇ. ಸ್ವಲ್ಪ ದಿನ ಮುಚ್ಚಿಟ್ರೆ ಒಳ್ಳೇದಲ್ವಾ?

ಇಲ್ರಿ, ಖಂಡಿತ ಇಲ್ಲ. ಸತ್ಯಂ ಕಂಪ್ಯೂಟರ್ಸ್ ಅನ್ನೋ ಐಟಿ ಕಂಪನಿ ನೆನಪಿದೆಯಲ್ಲ, 2009ರ ಜನವರಿ 7ಕ್ಕೆ ಅದರ ಚೇರ್ಮನ್ ರಾಮಲಿಂಗ ರಾಜು ಅವ್ರು ಬರೆದ ಪತ್ರದಲ್ಲಿ ಬ್ಯಾಂಕಲ್ಲಿ ಐತೆ ಅಂತ ತೋರಿಸಿದ್ದ ದುಡ್ಡಲ್ಲಿ 5,040 ಕೋಟಿ ಇರಲೇ ಇಲ್ಲ ಅಂತ ಇತ್ತು, ಷೇರು ಒಂದೇ ದಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕುಸೀತು. ಅದೇ ಕಂಪನಿಗೆ 2008ರಲ್ಲಿ ಕಾರ್ಪೊರೇಟ್ ಗವರ್ನೆನ್ಸ್‌ಗೆ, ಅಂದ್ರೆ ಕಂಪನಿನ ಪ್ರಾಮಾಣಿಕವಾಗಿ ನಡೆಸೋದಕ್ಕೆ ಅಂತಾನೇ ಗೋಲ್ಡನ್ ಪೀಕಾಕ್ ಅವಾರ್ಡ್ ಸಿಕ್ಕಿತ್ತು. ಅವಾರ್ಡ್ ಫೋಟೋ ನೋಡಿ ಷೇರು ತಗೋಬೇಡಿ ಅಂತ ನಾನು ಹೇಳೋದು ಇದಕ್ಕೇ.

ಯೆಸ್ ಬ್ಯಾಂಕಿಂದು ಇನ್ನೂ ಸೂಕ್ಷ್ಮ. 2019ರ ಫೆಬ್ರವರೀಲಿ, ನಮ್ಮ ವಸೂಲಾಗದ ಸಾಲದ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕ್ ಏನೂ ವ್ಯತ್ಯಾಸ ಕಂಡಿಲ್ಲ ಅಂತ ಬ್ಯಾಂಕ್ ಪ್ರಕಟಣೆ ಕೊಟ್ಟಾಗ ಷೇರು ಒಂದೇ ದಿನ ಸುಮಾರು 30% ಏರಿತು. ಆಮೇಲೆ ರಿಸರ್ವ್ ಬ್ಯಾಂಕ್, ಆ ವರದಿ ಗೌಪ್ಯ, ಅದರಲ್ಲಿ ಬೇರೆ ಲೋಪಗಳನ್ನೂ ಬರೆದಿದೀವಿ, ಒಂದು ಅಂಶ ಮಾತ್ರ ಹೇಳೋದು ಸರಿಯಲ್ಲ ಅಂತ ಗದರಿಸಿತು. 2020ರ ಮಾರ್ಚಲ್ಲಿ ಆ ಬ್ಯಾಂಕಿನ ಮೇಲೆ ನಿರ್ಬಂಧ ಬಂದು ಜನ ಎಟಿಎಂ ಮುಂದೆ ಸಾಲು ನಿಂತಿದ್ದು ಎಲ್ರಿಗೂ ನೆನಪೈತೆ. ಹೇಳಿದ್ದು ಸುಳ್ಳಲ್ಲದಿದ್ರೂ ಬೇಕಾದ್ದು ಮಾತ್ರ ಆರಿಸಿ ಹೇಳೋದು ಎಷ್ಟು ಅಪಾಯ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಡ.

ತಾನಾಗೇ ಹೇಳಿದ್ರೂ ಪೆಟ್ಟು ಬೀಳತ್ತೆ ಅನ್ನೋದೂ ನಿಜ. 2025ರ ಮಾರ್ಚ್ 10ಕ್ಕೆ ಇಂಡಸ್‌ಇಂಡ್ ಬ್ಯಾಂಕ್ ಡೆರಿವೇಟಿವ್ಸ್ (ಮುಂದಿನ ರೇಟಿನ ಮೇಲೆ ಮಾಡ್ಕೊಳ್ಳೋ ಒಪ್ಪಂದ) ಲೆಕ್ಕದಲ್ಲಿ ವ್ಯತ್ಯಾಸ ಐತೆ, ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದರ) ಸುಮಾರು 2.35% ಆಗಬಹುದು ಅಂತ ಹೇಳಿತು, ಮಾರನೇ ದಿನ ಷೇರು 27% ಬಿತ್ತು. ಎರಡು ಪರ್ಸೆಂಟ್ ಲೆಕ್ಕಕ್ಕೆ ಇಪ್ಪತ್ತೇಳು ಪರ್ಸೆಂಟ್ ಯಾಕೆ? ಜನ ಆ ಎರಡು ಪರ್ಸೆಂಟಿಗೆ ಹೆದರಲಿಲ್ಲ, ಇನ್ನೇನೈತೋ ಒಳಗೆ ಅಂತ ಹೆದರಿದ್ರು.

ಚಿತ್ರದುರ್ಗದೋರಿಗೆ ಹತ್ತಿರದ ಉದಾಹರಣೆ ಹೇಳ್ತೀನಿ. 2011ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಷರತ್ತಿನ ಮೇಲೆ ಕೆಲವಕ್ಕೆ ಮತ್ತೆ ಅವಕಾಶ ಸಿಕ್ತು. ಆಗ ಇಲ್ಲಿ ಗಣಿ ಇಟ್ಕೊಂಡಿದ್ದ ಲಿಸ್ಟೆಡ್ ಕಂಪನಿ ಅಂದ್ರೆ ಸೆಸಾ ಗೋವಾ, ಈಗಿನ ವೇದಾಂತ. ಲಾರಿ ನಿಂತಿದ್ದು ಹೊಳಲ್ಕೆರೆ ರೋಡಲ್ಲಿ ನಿಂತ ಹುಡುಗನಿಗೂ ಗೊತ್ತಿತ್ತು, ಅದನ್ನ ಮುಚ್ಚಿಡೋ ಪ್ರಶ್ನೆನೇ ಇಲ್ಲ. ಇಂಥ ಟೈಮಲ್ಲಿ ಕಂಪನಿ ಹೇಳಬೇಕಾಗಿರೋದು ಬೇರೆ. ಒಟ್ಟು ಉತ್ಪಾದನೇಲಿ ಈ ಗಣಿ ಪಾಲು ಎಷ್ಟು, ಮಾಲು ಬರದಿದ್ರೂ ತಿಂಗಳಿಗೆ ಆಗೋ ಖರ್ಚು ಎಷ್ಟು, ಸ್ಟಾಕ್ ಎಷ್ಟು ಬಿದ್ದೈತೆ, ಕೋರ್ಟಲ್ಲಿ ಮುಂದಿನ ಹಂತ ಏನು. ಇಂಥ ಹೊತ್ತಲ್ಲಿ ನೀವು ಇಟ್ಕೊಂಡಿರೋ ಯಾವ ಕಂಪನಿ ಆದ್ರೂ ಈ ನಾಲ್ಕಕ್ಕೆ ಉತ್ತರ ಕೊಡ್ತಾ ಅಂತ ನೋಡ್ರಿ.

ದೊಡ್ಡ ಆರೋಪ ಬಂದಾಗ ಒಳ್ಳೆ ಕಂಪನಿ ಹೆಂಗೆ ನಡ್ಕೋತಾವೆ?

ಇನ್ಫೋಸಿಸ್‌ದೇ ನೋಡ್ರಿ. 2019ರ ಅಕ್ಟೋಬರಲ್ಲಿ ಅದರ ಎಂಡಿ, ಸಿಎಫ್‌ಒ ಮೇಲೆ ಲೆಕ್ಕದ ವಿಷಯವಾಗಿ ಅನಾಮಧೇಯ ದೂರು ಹೊರಗೆ ಬಂದಾಗ ಷೇರು ಒಂದು ದಿನಕ್ಕೆ ಸುಮಾರು 16% ಬಿತ್ತು. ದೂರು ಸೆಪ್ಟೆಂಬರಲ್ಲೇ ಬಂದಿತ್ತು, ಮಾಧ್ಯಮದಲ್ಲಿ ಬರೋ ತನಕ ಯಾಕೆ ಹೇಳಲಿಲ್ಲ ಅಂತ ಎಕ್ಸ್‌ಚೇಂಜ್ ಕೇಳಿತು, ಆ ಪ್ರಶ್ನೆ ನ್ಯಾಯವಾದದ್ದೇ. ಆಮೇಲೆ ಆಡಿಟ್ ಕಮಿಟಿ (ಲೆಕ್ಕ ನೋಡೋ ನಿರ್ದೇಶಕರ ಸಮಿತಿ) ಹೊರಗಿನ ಲಾ ಫರ್ಮ್ ಹಿಡ್ಕೊಂಡು ತನಿಖೆ ಮಾಡಿಸಿ, 2020ರ ಜನವರೀಲಿ ಆರೋಪಕ್ಕೆ ಸಾಕ್ಷಿ ಸಿಕ್ಕಿಲ್ಲ ಅಂತ ಪ್ರಕಟ ಮಾಡಿತು. ಎಂಡಿ ಅವ್ರೇ ತಮ್ಮ ಮೇಲಿನ ದೂರು ತನಿಖೆ ಮಾಡಲಿಲ್ಲ, ಅದು ಗಮನಿಸಬೇಕಾದ ವಿಷಯ.

ಹರಿಹರದ ಹತ್ರ ಕುಮಾರಪಟ್ಟಣಂ ಫ್ಯಾಕ್ಟರಿ ಫುಲ್ ಶಿಫ್ಟ್ ನಡೀತೈತೆ, ನಮ್ಮ ಅಣ್ಣ ಅಲ್ಲೇ ಇದಾನೆ. ಗ್ರಾಸಿಂ ಷೇರು ತಗೊಂಡ್ಬಿಡ್ಲಾ?

ಕಣ್ಣಿಗೆ ಕಂಡ ಫ್ಯಾಕ್ಟರಿಯಿಂದ ಶುರು ಮಾಡಿದ್ದು ಒಳ್ಳೇದೇ, ಅಲ್ಲಿಗೇ ನಿಲ್ಲಬೇಡಿ. ಗ್ರಾಸಿಂ ಅಂದ್ರೆ ಬರೀ ಬಟ್ಟೆಗೆ ಬಳಸೋ ವಿಸ್ಕೋಸ್ ನಾರಲ್ಲ, ಅಲ್ಟ್ರಾಟೆಕ್ ಸಿಮೆಂಟ್ ಅದರ ಅಂಗಸಂಸ್ಥೆ, ಹಣಕಾಸು ವ್ಯವಹಾರ ಐತೆ, 2024ರಿಂದ ಬಿರ್ಲಾ ಓಪಸ್ ಅಂತ ಪೇಂಟ್‌ಗೂ ಇಳಿದಾರೆ. ರಿಸಲ್ಟಲ್ಲಿ ಸೆಗ್ಮೆಂಟ್ ಅಂತ ಒಂದು ಪಟ್ಟಿ ಇರತ್ತೆ, ಯಾವ ವ್ಯವಹಾರದಿಂದ ಎಷ್ಟು ಆದಾಯ, ಎಷ್ಟು ಲಾಭ, ಎಷ್ಟು ಬಂಡವಾಳ ಸಿಕ್ಕಾಕ್ಕೊಂಡೈತೆ ಅಂತ. ನೀವು ನೋಡಿದ ಫ್ಯಾಕ್ಟರಿ ಅದರಲ್ಲಿ ಎಷ್ಟು ಪಾಲು ಅಂತ ನೋಡಿ ಆಮೇಲೆ ಯೋಚನೆ ಮಾಡ್ರಿ. ತಗೊಳ್ಳಿ ಬಿಡ್ರಿ ಅಂತ ನಾನು ಹೇಳಲ್ಲ, ಯಾರಿಗೂ ಹೇಳಲ್ಲ.

ಮತ್ತೆ ಅಣ್ಣನ ವಿಷಯ. ಹೊರಗಿಂದ ಎಲ್ರಿಗೂ ಕಾಣೋದು ನೀವೂ ನೋಡಿದ್ರೆ ತೊಂದ್ರೆ ಇಲ್ಲ. ಆದ್ರೆ ಯಾವುದೇ ಕಂಪನೀಲಿ ಕೆಲಸ ಮಾಡೋ ನೆಂಟರು ಇನ್ನೂ ಹೊರಗೆ ಬರದ ರಿಸಲ್ಟ್, ಆರ್ಡರ್, ವಿಲೀನದ ವಿಷಯ ಹೇಳಿ ನೀವು ಷೇರು ತಗೊಂಡ್ರೆ ಅದು ಇನ್‌ಸೈಡರ್ ಟ್ರೇಡಿಂಗ್, ಹೇಳಿದೋರಿಗೂ ತಗೊಂಡೋರಿಗೂ. ದಂಡ ಕನಿಷ್ಠ 10 ಲಕ್ಷ, ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಜಾಸ್ತಿಯೋ ಅದು. ಕ್ವಾರ್ಟರ್ ಮುಗಿದಾಗಿಂದ ರಿಸಲ್ಟ್ ಬಂದು 48 ಗಂಟೆ ಆಗೋ ತನಕ ಕಂಪನಿಯ ಆಯ್ದ ಸಿಬ್ಬಂದಿ ಮತ್ತೆ ಅವ್ರ ಹತ್ತಿರದ ಕುಟುಂಬದೋರು ಆ ಷೇರು ಮುಟ್ಟಂಗಿಲ್ಲ. ಅಣ್ಣನ ಕೆಲಸಕ್ಕೆ ಸಂಚಕಾರ ತರಬೇಡಿ.

ವಾರ್ಷಿಕ ವರದಿ ಮುನ್ನೂರು ಪುಟ ಇರತ್ತೆ, ಎಲ್ಲಿಂದ ಓದ್ಲಿ?

ಹಿಂದಿನಿಂದ. ಮೊದ್ಲು ಆಡಿಟರ್ ವರದಿ, ಅದರಲ್ಲಿ ಕ್ವಾಲಿಫೈಡ್ ಅನ್ನೋ ಪದ ಐತಾ ನೋಡ್ರಿ, ನಮ್ಮ ಮಾತಲ್ಲಿ ಕ್ವಾಲಿಫೈಡ್ ಅಂದ್ರೆ ಒಳ್ಳೇದು, ಆಡಿಟರ್ ಮಾತಲ್ಲಿ ತಕರಾರು ಐತೆ ಅಂತ ಅರ್ಥ. ಆಮೇಲೆ ನಗದು ಹರಿವಿನ ಪಟ್ಟಿ, ಲಾಭ ನೂರು ಕೋಟಿ ಅಂತ ತೋರಿಸಿ ವ್ಯವಹಾರದಿಂದ ಕೈಗೆ ಬಂದ ದುಡ್ಡು ವರ್ಷಗಟ್ಟಲೆ ಅದಕ್ಕಿಂತ ತುಂಬ ಕಮ್ಮಿ ಇದ್ರೆ ಬಾಕಿ ಎಲ್ಲಿ ಸಿಕ್ಕಾಕ್ಕೊಂಡೈತೆ ಅಂತ ಹುಡುಕ್ರಿ. ಆಮೇಲೆ ಸಂಬಂಧಪಟ್ಟ ಪಾರ್ಟಿಗಳ ಜೊತೆ ವ್ಯವಹಾರ, ಅಂದ್ರೆ ಮಾಲೀಕರ ಬೇರೆ ಕಂಪನಿಗೆ ಸಾಲ, ಬಾಡಿಗೆ, ಖರೀದಿ. ಕೊನೆಗೆ ಚೇರ್ಮನ್ ಪತ್ರ ಓದ್ರಿ, ಇಷ್ಟೆಲ್ಲ ನೋಡಿದ ಮೇಲೆ ಆ ಪತ್ರ ಎಷ್ಟು ನಿಜ ಅಂತ ತಾನಾಗೇ ಕಾಣತ್ತೆ.

ಆಡಿಟರ್ ಅವಧಿ ಮಧ್ಯ ರಾಜೀನಾಮೆ ಕೊಟ್ರೆ ಕಾರಣದ ಪತ್ರ ಕಂಪನಿ ಹಾಕಲೇಬೇಕು. ಕಾರಣ ಬರೀ ಬೇರೆ ಕೆಲಸದ ಒತ್ತಡ ಅಂತಿದ್ರೂ ಆ ಟೈಮಲ್ಲಿ ರಿಸಲ್ಟ್ ಬಾಕಿ ಇತ್ತಾ ನೋಡ್ರಿ.

ಪ್ರಮೋಟರ್ (ಕಂಪನಿ ಕಟ್ಟಿ ನಡೆಸೋ ಮಾಲೀಕರು) ಷೇರು ಒತ್ತೆ ಇಟ್ಟಿದಾರೆ ಅಂತಾರೆ, ಎಲ್ಲಿ ಕಾಣತ್ತೆ?

ಮೂರು ತಿಂಗಳಿಗೊಮ್ಮೆ ಬರೋ ಷೇರುದಾರರ ಪಟ್ಟೀಲೇ ಒಂದು ಕಾಲಮ್ ಐತೆ. ಜಾಸ್ತಿ ಒತ್ತೆ ಇದ್ದು ರೇಟ್ ಬಿದ್ರೆ ಸಾಲ ಕೊಟ್ಟೋರು ಷೇರು ಮಾರ್ತಾರೆ, ಆಗ ಇನ್ನೂ ಬೀಳತ್ತೆ. ಜೊತೆಗೆ ಕಂಪನಿ ಸಾಲ ತೀರಿಸೋ ಶಕ್ತಿ ಅಳೆಯೋ ಕ್ರಿಸಿಲ್, ಇಕ್ರಾ, ಕೇರ್ ಇವ್ರ ರೇಟಿಂಗ್ ವಿವರಣೆ ಫ್ರೀ ಸಿಗತ್ತೆ, ಎರಡು ಮೂರು ಪುಟ, ಕಂಪನಿ ಪ್ರೆಸೆಂಟೇಶನ್‌ಗಿಂತ ಅದೇ ಎಷ್ಟೋ ಸಲ ಸ್ಪಷ್ಟ ಇರತ್ತೆ, ಯಾಕಂದ್ರೆ ಅದ್ರಲ್ಲಿ ದೌರ್ಬಲ್ಯ ಅಂತಾನೇ ಒಂದು ಭಾಗ ಇರತ್ತೆ.

ಎಜಿಎಂಗೆ (ಷೇರುದಾರರ ವಾರ್ಷಿಕ ಸಭೆಗೆ) ಮುಂಬೈಗೆ ಹೋಗಬೇಕಾ?

2020ರಿಂದ ಬಹಳಷ್ಟು ಕಂಪನಿ ವಿಡಿಯೋದಲ್ಲೇ ಮಾಡ್ತಾವೆ, ವಿದ್ಯಾನಗರದ ಮನೇಲಿ ಕೂತು ನೋಡಬಹುದು. ನೋಟಿಸ್ 21 ದಿನ ಮುಂಚೆ ಬರತ್ತೆ, ಅದರಲ್ಲೇ ಮಾತಾಡೋಕೆ ಹೆಸರು ನೋಂದಾಯಿಸೋ ವಿಧಾನ, ಇ-ವೋಟಿಂಗ್ ತಾರೀಕು ಇರತ್ತೆ. ಒಂದು ಷೇರು ಇದ್ರೂ ಕೇಳೋ ಹಕ್ಕು ಐತೆ. ಎಂಡಿ ಸಂಬಳ, ಸ್ವತಂತ್ರ ನಿರ್ದೇಶಕರ ನೇಮಕ, ಇವಕ್ಕೆ ವೋಟ್ ಹಾಕ್ರಿ, ಸುಮ್ನೆ ಬಿಡಬೇಡಿ. ಪ್ರಶ್ನೆ ಕೇಳೋವಾಗ ಮೊದ್ಲು ಎರಡು ನಿಮಿಷ ಹೊಗಳೋದು ಬಿಟ್ಟು ವರದಿಯ ಪುಟ ಸಂಖ್ಯೆ ಹೇಳಿ ಒಂದೇ ಪ್ರಶ್ನೆ ಕೇಳಿದ್ರೆ ಉತ್ತರ ತಪ್ಪಿಸ್ಕೊಳ್ಳೋದು ಅವ್ರಿಗೆ ಕಷ್ಟ.

ವಾಟ್ಸಾಪ್ ಗ್ರೂಪಲ್ಲಿ ಕಂಪನಿ ಒಳಗಿನ ಸುದ್ದಿ ಅಂತ ಬರತ್ತೆ, ಗ್ರೂಪಲ್ಲಿ ದೊಡ್ಡ ದೊಡ್ಡೋರು ಇದಾರೆ.

ದೊಡ್ಡೋರ ಹೆಸರು, ಫೋಟೋ ಹಾಕ್ಕೊಂಡು ಗ್ರೂಪ್ ಮಾಡಿ, ನಕಲಿ ಆ್ಯಪಲ್ಲಿ ಲಾಭ ತೋರಿಸಿ ದುಡ್ಡು ಎತ್ಕೊಂಡು ಹೋಗೋ ಮೋಸ ಈಗ ಎಲ್ಲ ಜಿಲ್ಲೇಲೂ ನಡೀತೈತೆ. ನಿಜವಾದ ಒಳ ಸುದ್ದಿ ಆಗಿದ್ರೆ ಅದನ್ನ ಬಳಸೋದು ಅಪರಾಧ, ಸುಳ್ಳು ಆಗಿದ್ರೆ ನಿಮ್ಮ ದುಡ್ಡು ಹೋಗತ್ತೆ, ಎರಡರಲ್ಲಿ ಯಾವುದಾದ್ರೂ ನಿಮಗೆ ಲಾಭ ಇಲ್ಲ. ಸಲಹೆ ಕೊಡೋರ ಸೆಬಿ ನೋಂದಣಿ ಸಂಖ್ಯೆ ಕೇಳಿ ಸೆಬಿ ವೆಬ್‌ಸೈಟಲ್ಲಿ ಹೆಸರು ಹೊಂದತ್ತಾ ನೋಡ್ರಿ. ಆರ್ಡರ್ ಸಿಕ್ತು ಅಂತ ಮೆಸೇಜ್ ಬಂದ್ರೆ ಎಕ್ಸ್‌ಚೇಂಜಲ್ಲಿ ಅದೇ ಪ್ರಕಟಣೆ ಐತಾ ನೋಡ್ರಿ, ಇದ್ರೆ ಆರ್ಡರ್ ಮೊತ್ತ, ಎಷ್ಟು ವರ್ಷದಲ್ಲಿ ಮುಗಿಸಬೇಕು, ಕೊಟ್ಟೋರು ಯಾರು ಅಂತ ಓದ್ರಿ. ಐನೂರು ಕೋಟಿ ಆರ್ಡರ್ ಹತ್ತು ವರ್ಷಕ್ಕೆ ಹರಡಿದ್ರೆ ವರ್ಷಕ್ಕೆ ಐವತ್ತೇ.

ನಮ್ಮದೇ ಸಣ್ಣ ಕಂಪನಿ, ಎಸ್‌ಎಂಇ ಐಪಿಒ ಮಾಡೋಣ ಅಂತಿದೀವಿ. ಹೂಡಿಕೆದಾರರ ಜೊತೆ ಮಾತಾಡೋದು ಹೆಂಗೆ?

ಈ ಪ್ರಶ್ನೆ ನಮ್ಮೂರಿಂದ ಬರ್ತಿರೋದು ನನಗೆ ತುಂಬ ಖುಷಿ, ಒಂದು ಕಾಲಕ್ಕೆ ಹತ್ತಿ ಗಿರಣಿಗೆ ಹೆಸರಾಗಿದ್ದ ಊರು, ಬಂಡವಾಳ ಕಟ್ಟೋದು ನಮಗೆ ಹೊಸದಲ್ಲ. ಎಸ್‌ಎಂಇ ಐಪಿಒ ಅಂದ್ರೆ ಸಣ್ಣ-ಮಧ್ಯಮ ಕಂಪನಿ ಮೊದ್ಲ ಸಲ ಜನರಿಗೆ ಷೇರು ಮಾರೋದು. ಅದಕ್ಕಿರೋ ವೇದಿಕೆಗಳಾದ ಬಿಎಸ್‌ಇ ಎಸ್‌ಎಂಇ, ಎನ್‌ಎಸ್‌ಇ ಎಮರ್ಜ್ ಎರಡೂ 2012ರಿಂದ ಇದಾವೆ. ಐಪಿಒ ನಂತರ ಪೇಡ್‌ಅಪ್ ಬಂಡವಾಳ (ಷೇರುಗಳ ಮುಖಬೆಲೆಯ ಒಟ್ಟು ಮೊತ್ತ) 25 ಕೋಟಿ ಒಳಗಿರಬೇಕು. 2025ರಲ್ಲಿ ನಿಯಮ ಬಿಗಿ ಆಗೈತೆ, ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷ ಕನಿಷ್ಠ 1 ಕೋಟಿ ಕಾರ್ಯಾಚರಣೆ ಲಾಭ ಇರಬೇಕು, ಹಳೇ ಮಾಲೀಕರು ಮಾರೋ ಷೇರು ಇಶ್ಯೂದ 20% ದಾಟಂಗಿಲ್ಲ, ಬಂದ ದುಡ್ಡಲ್ಲಿ ಪ್ರಮೋಟರ್ ಸಾಲ ತೀರಿಸಂಗಿಲ್ಲ.

ಕೇಳೋದು ನಿಯಮದ ಬಗ್ಗೆ, ಆದ್ರೆ ನಾನು ಹೇಳ್ಬೇಕಾಗಿರೋದು ಅಭ್ಯಾಸದ ಬಗ್ಗೆ. ಇಲ್ಲಿನ ಎಷ್ಟೋ ವ್ಯವಹಾರದಲ್ಲಿ ಲೆಕ್ಕ ಅಂದ್ರೆ ಮನೆ ಯಜಮಾನರ ತಲೇಲಿ ಇರೋದು, ತಮ್ಮನ ಗೋಡೌನ್‌ಗೆ ಬಾಡಿಗೆ ಎಷ್ಟು ಅಂತ ಬರೆದಿರಲ್ಲ. ಲಿಸ್ಟ್ ಆಗೋಕೆ ಎರಡು ವರ್ಷ ಮುಂಚೇನೇ ಪ್ರತಿ ಮೂರು ತಿಂಗಳು ನಿಮಗೆ ನೀವೇ ರಿಸಲ್ಟ್ ಬರ್ಕೊಳ್ಳಿ, ಯಾರಿಗೂ ತೋರಿಸಬೇಕಾಗಿಲ್ಲ, 45 ದಿನದಲ್ಲಿ ಮುಗಿಯತ್ತಾ ನೋಡ್ರಿ. ಮುಗೀಲಿಲ್ಲ ಅಂದ್ರೆ ನೀವಿನ್ನೂ ರೆಡಿ ಇಲ್ಲ. ಕಂಪನಿ ಸೆಕ್ರೆಟರಿನ ಸಹಿ ಹಾಕೋಕೆ ಮಾತ್ರ ಇಟ್ಕೋಬೇಡಿ, ಹೂಡಿಕೆದಾರರ ಇಮೇಲ್‌ಗೆ ಎರಡು ದಿನದಲ್ಲಿ ಉತ್ತರ ಹೋಗ್ಲಿ. ಒಬ್ಬ ಅನಲಿಸ್ಟ್ ಫ್ಯಾಕ್ಟರಿ ನೋಡೋಕೆ ಬಂದ್ರೆ ಅವ್ರಿಗೆ ಬೆಣ್ಣೆ ದೋಸೆ ತಿನ್ಸಿ, ಆದ್ರೆ ಹೊರಗೆ ಬರದ ಅಂಕಿ ಹೇಳ್ಬೇಡಿ. ಹೇಳಲೇಬೇಕು ಅನ್ಸಿದ್ರೆ ಮೊದ್ಲು ಎಕ್ಸ್‌ಚೇಂಜಿಗೆ ಹಾಕಿ ಆಮೇಲೆ ಹೇಳ್ರಿ.

ಲಿಸ್ಟ್ ಆದ ಮೊದ್ಲ ವರ್ಷ ದೊಡ್ಡ ಮಾತು ಆಡಬೇಡಿ. ಐಪಿಒ ದುಡ್ಡು ಯಾವುದಕ್ಕೆ ಅಂತ ಹೇಳಿದ್ರೋ ಅದಕ್ಕೇ ಖರ್ಚು ಮಾಡಿ ಎಷ್ಟು ಮುಗೀತು ಅಂತ ಹೇಳ್ತಾ ಹೋಗ್ರಿ. ರೇಟ್ ಏರಿಸಿ ಕೊಡ್ತೀವಿ, ಯೂಟ್ಯೂಬಲ್ಲಿ ಮಾತಾಡಿಸ್ತೀವಿ ಅಂತ ಬರೋ ಏಜೆಂಟ್‌ಗಳನ್ನ ಗೇಟಿಂದಲೇ ಕಳಿಸ್ರಿ.

ಅಜ್ಜನ ಕಾಲದ ಕಾಗದದ ಷೇರು ಸರ್ಟಿಫಿಕೇಟ್ ಟ್ರಂಕಲ್ಲಿ ಸಿಕ್ಕೈತೆ, ಕಂಪನಿಯಿಂದ ಯಾವತ್ತೂ ಪತ್ರ ಬಂದಿಲ್ಲ.

ವಿಳಾಸ ಬದಲಾಗಿ ಪತ್ರ ವಾಪಸ್ ಹೋಗಿರಬಹುದು. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ತಗೊಂಡಿಲ್ಲ ಅಂದ್ರೆ ಆ ದುಡ್ಡು, ಷೇರು ಎರಡೂ ಐಇಪಿಎಫ್ ಅನ್ನೋ ಸರ್ಕಾರಿ ನಿಧಿಗೆ ಹೋಗ್ತಾವೆ, ಕಳೆದು ಹೋಗಲ್ಲ, ಐಇಪಿಎಫ್-5 ಫಾರ್ಮ್ ಹಾಕಿ ವಾರಸುದಾರರು ಕೇಳಬಹುದು. ಮೊದ್ಲು ಕಂಪನಿ ಈಗ ಯಾವ ಹೆಸರಲ್ಲಿ ಐತೆ, ಮುಚ್ಚೈತಾ ನೋಡಿ, ಅದರ ರಿಜಿಸ್ಟ್ರಾರ್‌ಗೆ (ಷೇರುದಾರರ ದಾಖಲೆ ಇಡೋ ಸಂಸ್ಥೆಗೆ) ಸರ್ಟಿಫಿಕೇಟಲ್ಲಿರೋ ಫೋಲಿಯೋ ನಂಬರ್ ಕೊಟ್ಟು ಇಮೇಲ್ ಮಾಡ್ರಿ. ಸರ್ಟಿಫಿಕೇಟ್ ಫೋಟೋ ನೋಡಿ ಕಮಿಷನ್‌ಗೆ ಕೆಲಸ ಮಾಡಿಕೊಡ್ತೀನಿ ಅನ್ನೋರ ಕೈಗೆ ಮೂಲ ಪ್ರತಿ ಕೊಡಬೇಡಿ.

ಕಂಪನಿಗೆ ಬರೆದ್ರೂ ಉತ್ತರ ಇಲ್ಲ. ಮುಂದೇನು?

ಮೊದ್ಲು ವೆಬ್‌ಸೈಟಲ್ಲಿರೋ ಹೂಡಿಕೆದಾರರ ದೂರಿನ ಇಮೇಲ್‌ಗೆ, ಕಂಪ್ಲಯನ್ಸ್ ಆಫೀಸರ್ (ನಿಯಮ ಪಾಲನೆ ನೋಡೋರು) ಹೆಸರಿಗೆ ಬರೆದು ಪ್ರತಿ ಇಟ್ಕೊಳ್ಳಿ. ಬರೀ ಸಿಟ್ಟು ಬರೀಬೇಡಿ, ಫೋಲಿಯೋ ಅಥವಾ ಡಿಮ್ಯಾಟ್ ನಂಬರ್, ತಾರೀಕು, ಏನು ಬೇಕು, ಇಷ್ಟು ಇದ್ರೆ ಸಾಕು. ಅಲ್ಲಿ ಆಗಲಿಲ್ಲ ಅಂದ್ರೆ ಸೆಬಿಯ ದೂರಿನ ವೆಬ್‌ಸೈಟ್ ಸ್ಕೋರ್ಸ್ ಪೋರ್ಟಲ್, 2024ರ ಏಪ್ರಿಲಲ್ಲಿ ಹೊಸ ರೂಪ ಬಂದೈತೆ, ಕಂಪನಿ 21 ದಿನದೊಳಗೆ ಉತ್ತರ ಹಾಕ್ಬೇಕು. ಆ ಉತ್ತರ ಸರಿ ಇಲ್ಲ ಅನ್ಸಿದ್ರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು, ಎರಡು ಹಂತ ಐತೆ. ಸಮಸ್ಯೆ ಆಗಿ ಒಂದು ವರ್ಷದೊಳಗೆ ದೂರು ಹಾಕ್ಬೇಕು, ಅದು ಮರೀಬೇಡಿ. ಅದಕ್ಕೂ ತೃಪ್ತಿ ಇಲ್ಲ ಅಂದ್ರೆ 2023ರಲ್ಲಿ ಬಂದ ಸ್ಮಾರ್ಟ್ ಒಡಿಆರ್ ಅನ್ನೋ ಆನ್‌ಲೈನ್ ರಾಜಿ-ಪಂಚಾಯ್ತಿ ವ್ಯವಸ್ಥೆ ಐತೆ. ಸೆಬಿ ಟೋಲ್ ಫ್ರೀ ನಂಬರ್ 1800 22 7575. ದೂರಿನ ಸ್ಥಿತಿ ಪೋರ್ಟಲಲ್ಲೇ ಕಾಣತ್ತೆ, ಪ್ರತಿ ವಾರ ಒಂದ್ಸಲ ಲಾಗಿನ್ ಆಗಿ ನೋಡ್ತಾ ಇರ್ರಿ, ನಿಮ್ಮ ಉತ್ತರಕ್ಕೆ ಕಾದು ಟೈಮ್ ಮೀರಿದ್ರೆ ದೂರು ಮುಚ್ಚಿಬಿಡ್ತಾರೆ.